ಅಮೆರಿಕದಲ್ಲಿ ಅಪಘಾತದ ಕಾರು ರಿಪೇರಿ: ಅಂಗಡಿ ಆರಿಸುವ ಹಕ್ಕು ನಮ್ಮದು, ಗಂಟೆಯ ದರ ವಿಮಾ ಕಂಪನಿಯದು

ವೂಸ್ಟರ್ ಲೆಕ್ಕಪತ್ರ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಅಮೆರಿಕದ ಬೇರೆ ಬೇರೆ ರಾಜ್ಯಗಳಲ್ಲಿರುವ ಕನ್ನಡಿಗರು ಇಲ್ಲಿ ಬಹಳ ಜನ ಇದ್ದೀರಿ. ಎಲ್ಲರೂ ಕಾರಿಗೆ ವಿಮೆ ಕಟ್ಟುವವರೇ. ಅದಕ್ಕೇ ಈ ವಿಷಯ ಎತ್ತುತ್ತಿದ್ದೇನೆ.

ಮ್ಯಾಸಚೂಸೆಟ್ಸ್‌ನಲ್ಲಿ ಸಣ್ಣ ವ್ಯಾಪಾರಗಳ ಲೆಕ್ಕ ಬರೆಯುವುದು ನನ್ನ ಕೆಲಸ. ನಾನು ಲೆಕ್ಕ ನೋಡುವ ಅಂಗಡಿಗಳಲ್ಲಿ ಒಂದು, ಅಪಘಾತವಾದ ಕಾರುಗಳ ಡೆಂಟಿಂಗ್, ವೆಲ್ಡಿಂಗ್, ಪೇಂಟಿಂಗ್ ಮಾಡುವ ಬಾಡಿ ಶಾಪ್. ಮಾಲೀಕರ ತಂದೆಯ ಕಾಲದಿಂದ ನಡೆದುಬಂದಿದೆ. ಯಾವ ಸರಣಿ ಕಂಪನಿಗೂ ಸೇರಿಲ್ಲ, ವಿಮಾ ಕಂಪನಿಗಳು ಒಪ್ಪಂದ ಮಾಡಿಕೊಂಡು ಗ್ರಾಹಕರನ್ನು ಕಳುಹಿಸುವ ಅಂಗಡಿಗಳ ಪಟ್ಟಿಯಲ್ಲೂ ಇಲ್ಲ. ಕೆಲಸಕ್ಕೆ ಬರವಿಲ್ಲ, ಅಂಗಳದ ತುಂಬ ಕಾರುಗಳು ಸರದಿಗೆ ಕಾದು ನಿಂತಿರುತ್ತವೆ. ಆದರೂ ವರ್ಷದ ಲೆಕ್ಕ ಮುಗಿಸುವಾಗ ಕೈಯಲ್ಲಿ ಉಳಿಯುವುದು ಅಷ್ಟಕ್ಕಷ್ಟೆ.

ಕಾರಣ ಒಂದೇ. ಈ ರಾಜ್ಯದಲ್ಲಿ ಬಾಡಿ ಕೆಲಸಕ್ಕೆ ವಿಮಾ ಕಂಪನಿಗಳು ಕೊಡುವ ಕೂಲಿ ಬಹುಕಾಲದಿಂದ ಗಂಟೆಗೆ 40 ಡಾಲರ್‌ನ ಆಸುಪಾಸಿನಲ್ಲೇ ನಿಂತಿದೆ. ದೇಶದಲ್ಲೇ ಅತಿ ಕಡಿಮೆ ದರಗಳಲ್ಲಿ ಇದೂ ಒಂದು. ಅದೇ ಊರಿನ ಡೀಲರ್ ಬಳಿ ಎಂಜಿನ್ ಕೆಲಸಕ್ಕೆ ಹೋದರೆ ಇದರ ಮೂರು ಪಟ್ಟಿಗೂ ಹೆಚ್ಚು ಕೇಳುತ್ತಾರೆ. ಎಂಜಿನ್ ಕೆಲಸದ ಹಣ ಗ್ರಾಹಕನ ಜೇಬಿನಿಂದ ಬರುತ್ತದೆ, ಹಾಗಾಗಿ ಆ ದರ ಮಾರುಕಟ್ಟೆಯ ಜೊತೆ ಏರಿದೆ. ಬಾಡಿ ಕೆಲಸದ ಹಣ ಬಹುಪಾಲು ವಿಮೆಯಿಂದ ಬರುತ್ತದೆ, ಹಾಗಾಗಿ ಅದು ಏರಿಲ್ಲ.

ಕಾನೂನು ಇಲ್ಲವೇ ಎಂದರೆ ಬೇಕಾದಷ್ಟಿದೆ. ಕಾರಿನ ಹಾನಿ ಅಂದಾಜು ಮಾಡುವವರಿಗೆ ಇಲ್ಲಿ ಲೈಸೆನ್ಸ್ ಬೇಕು. ಅದನ್ನು ನೋಡಿಕೊಳ್ಳುವ ಐದು ಜನರ ಮಂಡಳಿಯಲ್ಲಿ ಬಾಡಿ ಶಾಪ್ ಕಡೆಯವರು ಇಬ್ಬರು, ವಿಮೆ ಕಡೆಯವರು ಇಬ್ಬರು, ಎರಡಕ್ಕೂ ಸೇರದವರು ಒಬ್ಬರು. ಗ್ರಾಹಕ ತನಗೆ ಬೇಕಾದ ಅಂಗಡಿಗೆ ಹೋಗಬಹುದು. ಆದರೆ ಗಂಟೆಗೆ ಇಷ್ಟು ಕೊಡಬೇಕು ಎಂದು ಯಾವ ಕಲಮೂ ಹೇಳುವುದಿಲ್ಲ. ಕೂಲಿಯ ವಿಚಾರಕ್ಕೆಂದೇ 2008ರಲ್ಲೊಮ್ಮೆ, 2022ರಲ್ಲೊಮ್ಮೆ ವಿಶೇಷ ಆಯೋಗಗಳ ವರದಿಗಳು ಬಂದವು. ನಾನು ಬರೆಯುವ ಲೆಕ್ಕದ ಪುಸ್ತಕದಲ್ಲಿ ಅದರಿಂದ ಏನೂ ಬದಲಾಗಿಲ್ಲ.

ಬೇರೆ ರಾಜ್ಯಗಳಲ್ಲಿ ಹೇಗಿದೆ? ನಿಮ್ಮ ಕಾರಿಗೆ ಪೆಟ್ಟಾದಾಗ ವಿಮಾ ಕಂಪನಿ ಏನು ಹೇಳಿತು, ನೀವು ಅಂಗಡಿಯನ್ನು ಹೇಗೆ ಆರಿಸಿದಿರಿ, ದಯವಿಟ್ಟು ಬರೆಯಿರಿ.

ಫ್ರೀಮಾಂಟ್ ನಿವಾಸಿ

ನಮ್ಮ ಕ್ಯಾಲಿಫೋರ್ನಿಯಾದಲ್ಲಿ ವಿಮಾ ಸಂಹಿತೆಯ 758.5ನೇ ಕಲಮು ಇದೆ. ನಿರ್ದಿಷ್ಟ ಅಂಗಡಿಯಲ್ಲೇ ರಿಪೇರಿ ಮಾಡಿಸಬೇಕೆಂದು ಕಂಪನಿ ಒತ್ತಾಯಿಸುವಂತಿಲ್ಲ. ಗ್ರಾಹಕನೇ ಕೇಳದ ಹೊರತು, ಅಥವಾ ಅಂಗಡಿ ಆರಿಸುವ ಹಕ್ಕು ನಿಮ್ಮದು ಎಂದು ಲಿಖಿತವಾಗಿ ತಿಳಿಸದ ಹೊರತು, ಒಂದು ಅಂಗಡಿಯ ಹೆಸರು ಸೂಚಿಸುವಂತೆಯೂ ಇಲ್ಲ.

ಹಿಂದಿನಿಂದ ಬಂದ ಗಾಡಿ ನನ್ನ ಕಾರಿಗೆ ಗುದ್ದಿದಾಗ ನಾನು ಇದನ್ನು ಓದಿಕೊಂಡೇ ಫೋನ್ ಮಾಡಿದ್ದೆ. ಆ ಕಡೆಯವರು ಒತ್ತಾಯ ಮಾಡಲಿಲ್ಲ. "ನೀವು ಎಲ್ಲಿಗೆ ಬೇಕಾದರೂ ಹೋಗಬಹುದು ಮೇಡಂ. ಆದರೆ ನಮ್ಮ ಪಟ್ಟಿಯ ಅಂಗಡಿಯಾದರೆ ನಾಳೆಯೇ ಕೆಲಸ ಶುರುವಾಗುತ್ತದೆ, ಕೆಲಸಕ್ಕೆ ನಮ್ಮ ಗ್ಯಾರಂಟಿಯೂ ಇರುತ್ತದೆ. ನೀವು ಹೇಳಿದ ಅಂಗಡಿಗೆ ನಮ್ಮವರು ಬಂದು ನೋಡಲು ಕೆಲವು ದಿನ ಆಗಬಹುದು, ಅಲ್ಲಿಯವರೆಗೆ ವಿಮೆಯಿಂದ ಸಿಗುವ ಬಾಡಿಗೆ ಕಾರಿನ ದಿನಗಳು ಓಡುತ್ತಿರುತ್ತವೆ" ಎಂದರು. ಕಾನೂನಿನ ಅಕ್ಷರ ಎಲ್ಲೂ ಮುರಿದಿಲ್ಲ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯವರು ಇಷ್ಟು ಕೇಳಿದ ಮೇಲೆ ಎಷ್ಟು ಜನ ತಮ್ಮ ಅಂಗಡಿಯನ್ನೇ ಹಿಡಿದು ನಿಲ್ಲುತ್ತಾರೆ? ನಾನು ನಿಂತೆ. ನನ್ನ ಸ್ನೇಹಿತೆಯರಲ್ಲಿ ಬಹಳ ಜನ ನಿಲ್ಲಲಿಲ್ಲ, ಅವರನ್ನು ದೂರುವುದಿಲ್ಲ.

ಹಾರ್ಟ್‌ಫರ್ಡ್ ಕ್ಲೇಮ್ಸ್

ನಾನು ಒಂದು ವಿಮಾ ಕಂಪನಿಯ ಕ್ಲೇಮ್ಸ್ ವಿಭಾಗದಲ್ಲಿ ಇದ್ದೇನೆ. ನಮ್ಮ ಕಡೆಯ ಮಾತನ್ನೂ ಕೇಳಬೇಕು.

ಪಟ್ಟಿಯ ಅಂಗಡಿಗಳ ಜೊತೆ ನಮಗೆ ಒಪ್ಪಂದ ಇರುತ್ತದೆ. ಅವರು ಫೋಟೊ ಕಳುಹಿಸಿ ತಾವೇ ಅಂದಾಜು ಬರೆಯುತ್ತಾರೆ, ಬಿಡಿಭಾಗಗಳಿಗೆ ರಿಯಾಯಿತಿ ಕೊಡುತ್ತಾರೆ, ಹೇಳಿದ ದಿನಕ್ಕೆ ಕಾರು ಕೊಡುತ್ತಾರೆ. ಪ್ರತಿಯಾಗಿ ನಾವು ಕೆಲಸ ಕಳುಹಿಸುತ್ತೇವೆ. ಒಂದು ದಿನ ತಡವಾದರೆ ಒಂದು ದಿನದ ಬಾಡಿಗೆ ಕಾರಿನ ಖರ್ಚು. ಅಂಥ ಖರ್ಚೆಲ್ಲ ಸೇರಿ ಕೊನೆಗೆ ಪ್ರೀಮಿಯಮ್‌ಗೆ ಬರುತ್ತದೆ. ಅಂಗಡಿಗಳು ಕೇಳಿದಷ್ಟು ದರ ಕೊಡುತ್ತಾ ಹೋದರೆ ನಿಮ್ಮ ಕಂತು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ ಯೋಚಿಸಿ. ಮಾಡದ ಕೆಲಸಕ್ಕೆ ಬಿಲ್ ಹಾಕುವ ಅಂಗಡಿಗಳೂ ಇವೆ. ಹೊಸ ಫೆಂಡರ್ ಎಂದು ಬರೆದು ಹಳೆಯದನ್ನೇ ತಟ್ಟಿ ಬಣ್ಣ ಬಳಿದು ಕೊಟ್ಟದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ತಪಾಸಣೆ ಮಾಡುವವರು ಯಾರಾದರೂ ಬೇಕಲ್ಲವೇ?

ವೂಸ್ಟರ್ ಲೆಕ್ಕಪತ್ರ

ಸರ್, ತಪಾಸಣೆ ಬೇಕು, ಒಪ್ಪುತ್ತೇನೆ. ಮೋಸದ ಬಿಲ್ ಹಾಕುವವರಿಂದ ಪ್ರಾಮಾಣಿಕ ಅಂಗಡಿಗೇ ಮೊದಲ ನಷ್ಟ. ಆದರೆ ನನ್ನ ಮೇಜಿಗೆ ಬರುವ ಕಾಗದಗಳಲ್ಲಿ ಏನು ಕಾಟು ಬೀಳುತ್ತದೆ ಎಂಬುದನ್ನು ಹೇಳುತ್ತೇನೆ, ನೀವೇ ನೋಡಿ.

ಇತ್ತೀಚೆಗೆ ಬಂದ ಒಂದು ಎಸ್‌ಯುವಿ. ಹಿಂದಿನ ಎಡ ಮೂಲೆಗೆ ಪೆಟ್ಟು. ಮೊದಲ ಅಂದಾಜಿನಲ್ಲಿ ಬಂಪರ್, ಟೈಲ್ ಲೈಟ್, ಹಿಂದಿನ ಚಕ್ರದ ಮೇಲಿನ ಕ್ವಾರ್ಟರ್ ಪ್ಯಾನೆಲ್‌ನ ಬಣ್ಣ, ಇಷ್ಟೇ ಇತ್ತು. ಬಂಪರ್ ಬಿಚ್ಚಿದ ಮೇಲೆ ಒಳಗಿನ ಪಟ್ಟಿ ಬಾಗಿದ್ದೂ ಕ್ವಾರ್ಟರ್ ಪ್ಯಾನೆಲ್‌ನ ಅಂಚು ಮಡಚಿದ್ದೂ ಕಂಡವು. ಬಂಪರ್ ಹಿಂದೆ ಪಕ್ಕದ ಗಾಡಿಯನ್ನು ಗುರುತಿಸುವ ರಾಡಾರ್ ಕೂಡ ಇತ್ತು. ಅಂಗಡಿಯವರು ಪೂರಕ ಅಂದಾಜು, ಅವರ ಮಾತಿನಲ್ಲಿ ಸಪ್ಲಿಮೆಂಟ್, ಕಳುಹಿಸಿದರು. ಅದರಲ್ಲಿ ವೆಲ್ಡಿಂಗ್‌ಗೆ ಮುಂಚೆ ಅದೇ ದಪ್ಪದ ತಗಡಿನ ಮೇಲೆ ಪರೀಕ್ಷಾ ವೆಲ್ಡ್ ಹಾಕಿ ಕಿತ್ತು ನೋಡುವ ಸಮಯ, ಒಳಮೈಗೆ ತುಕ್ಕು ಹಿಡಿಯದ ಮೇಣ ಹೊಡೆಯುವುದು, ರಾಡಾರ್‌ನ ಕ್ಯಾಲಿಬ್ರೇಶನ್ (ಅಳತೆ ಸರಿಹೊಂದಿಸುವುದು), ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಕಂಪ್ಯೂಟರ್ ಸ್ಕ್ಯಾನ್, ಹೀಗೆ ಒಂದೊಂದೂ ಬೇರೆ ಸಾಲು. ಇದೆಲ್ಲ ಕಾರು ತಯಾರಕರ ರಿಪೇರಿ ಕ್ರಮದಲ್ಲೇ ಬರೆದಿರುವ ಕೆಲಸ. ಉತ್ತರ ಬಂತು: ಪರೀಕ್ಷಾ ವೆಲ್ಡ್ ವೆಲ್ಡಿಂಗ್ ಸಮಯದಲ್ಲೇ ಸೇರಿದೆ, ಮೇಣಕ್ಕೆ ಈ ಪ್ರದೇಶದಲ್ಲಿ ಯಾರೂ ಹಣ ಕೇಳುವುದಿಲ್ಲ, ಒಂದು ಸ್ಕ್ಯಾನ್ ಸಾಕು.

"ಈ ಪ್ರದೇಶದಲ್ಲಿ ಯಾರೂ ಕೇಳುವುದಿಲ್ಲ" ಎಂಬ ಮಾತು ನನ್ನನ್ನು ಬಹಳ ನೋಯಿಸುತ್ತದೆ. ಪಟ್ಟಿಯ ಅಂಗಡಿಗಳು ಒಪ್ಪಂದದ ಪ್ರಕಾರ ಕೇಳುವಂತಿಲ್ಲ, ಆದ್ದರಿಂದ ಕೇಳುವುದಿಲ್ಲ. ಅವರು ಕೇಳದ್ದೇ ಪ್ರದೇಶದ ಚಾಲ್ತಿ ದರ ಎಂದು ಹೊರಗಿನ ಅಂಗಡಿಗೆ ತೋರಿಸುತ್ತಾರೆ. ಕೂಲಿಯೂ ನಿಂತಿರುವುದು ಇದೇ ದಾರಿಯಲ್ಲಿ. ನೀವು ಪ್ರೀಮಿಯಮ್ ಮಾತೆತ್ತಿದ್ದೀರಿ. ಈ ರಾಜ್ಯದಲ್ಲಿ ಮೊದಲು ಸರ್ಕಾರವೇ ಪ್ರೀಮಿಯಮ್ ನಿಗದಿ ಮಾಡುತ್ತಿತ್ತು. 2008ರ ಏಪ್ರಿಲ್‌ನಿಂದ ಕಂಪನಿಗಳೇ ತಮ್ಮ ದರ ಪ್ರಸ್ತಾಪಿಸಬಹುದು. ಅಲ್ಲಿಂದೀಚೆಗೆ ಪ್ರೀಮಿಯಮ್ ಎಷ್ಟು ಏರಿತು, ಕೂಲಿ ಎಷ್ಟು ಏರಿತು ಎಂದು ಯಾರಾದರೂ ಪಕ್ಕಪಕ್ಕದಲ್ಲಿಟ್ಟು ನೋಡಲಿ. ಕೂಲಿ ಹಿಡಿದಿಟ್ಟದ್ದರಿಂದ ಗ್ರಾಹಕನ ಕಂತು ಉಳಿಯಿತು ಎಂದು ನನಗಂತೂ ಅನ್ನಿಸುವುದಿಲ್ಲ.

ಹೀಗಾದಾಗ ಅಂಗಡಿಗೆ ಎರಡೇ ದಾರಿ. ಉಳಿದ ಹಣವನ್ನು ಗ್ರಾಹಕನಿಂದ ಕೇಳಬೇಕು, ಇಲ್ಲವೇ ತಾನೇ ನುಂಗಿಕೊಳ್ಳಬೇಕು. ನಮ್ಮ ಮಾಲೀಕರು ಹೆಚ್ಚಾಗಿ ನುಂಗಿಕೊಳ್ಳುತ್ತಾರೆ. ವೆಲ್ಡ್ ಬಿಟ್ಟುಬಿಡುವ ಮೂರನೆಯ ದಾರಿ ಅವರಿಗೆ ಒಗ್ಗುವುದಿಲ್ಲ.

ಡಲ್ಲಾಸ್ ಕನ್ನಡಿಗ

ಆ ಮೂರನೆಯ ದಾರಿ ಹಿಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಊರಿನಲ್ಲೇ ಒಂದು ಪ್ರಕರಣ ನಡೆದಿದೆ. 2010ರ ಹೋಂಡಾ ಫಿಟ್ ಒಂದಕ್ಕೆ ಆಲಿಕಲ್ಲು ಬಿದ್ದು ಛಾವಣಿ ಹಾಳಾಗಿತ್ತು. ಇಲ್ಲಿನ ಒಂದು ಬಾಡಿ ಶಾಪ್ ಹೊಸ ಛಾವಣಿ ಕೂರಿಸಿತು. ತಯಾರಕರ ಕ್ರಮ ವೆಲ್ಡ್ ಮಾಡಬೇಕು ಎನ್ನುತ್ತದೆ. ಇವರು ಅಂಟು ಹಾಕಿದರು. ಕಾರು ಸೆಕೆಂಡ್ ಹ್ಯಾಂಡ್ ಆಗಿ ಬೇರೆ ದಂಪತಿಯ ಕೈ ಸೇರಿತು. 2013ರಲ್ಲಿ ಅಪಘಾತವಾದಾಗ ಛಾವಣಿ ಕಳಚಿಕೊಂಡಿತು, ಕಾರಿಗೆ ಬೆಂಕಿ ಹೊತ್ತಿತು, ಇಬ್ಬರಿಗೂ ತೀವ್ರ ಗಾಯಗಳಾದವು. 2017ರಲ್ಲಿ ಡಲ್ಲಾಸ್ ಕೌಂಟಿಯ ಜ್ಯೂರಿ ಆ ಅಂಗಡಿಯ ಮೇಲೆ 3.15 ಕೋಟಿ ಡಾಲರ್ ಹೊಣೆ ಹೊರಿಸಿತು. ಅಂಟು ಹಾಕುವ ತೀರ್ಮಾನದ ಹಿಂದೆ ಯಾರ ಒತ್ತಡ ಇತ್ತು ಎಂಬುದು ಬೇರೆ ವಾದ. ಜ್ಯೂರಿ ಹಿಡಿದದ್ದು ಅಂಗಡಿಯನ್ನು.

ಕಾನೂನಿನ ವಿಷಯದಲ್ಲಿ ಟೆಕ್ಸಸ್ ಒಂದು ದೊಡ್ಡ ಹೆಜ್ಜೆ ಇಟ್ಟಿತ್ತು. ಆಲ್‌ಸ್ಟೇಟ್ ಕಂಪನಿ 2001ರಲ್ಲಿ ಸ್ಟರ್ಲಿಂಗ್ ಎಂಬ ಬಾಡಿ ಶಾಪ್ ಸರಣಿಯನ್ನೇ ಕೊಂಡುಕೊಂಡಿತು. ಹಣ ಕೊಡುವವರೂ ಅವರೇ, ರಿಪೇರಿ ಮಾಡುವವರೂ ಅವರೇ. 2003ರಲ್ಲಿ ಟೆಕ್ಸಸ್ ಶಾಸಕಾಂಗ 1131ನೇ ಮಸೂದೆ ಪಾಸು ಮಾಡಿ, ವಿಮಾ ಕಂಪನಿಗಳು ಹೊಸದಾಗಿ ಬಾಡಿ ಶಾಪ್ ಕೊಳ್ಳುವುದನ್ನು ತಡೆಯಿತು. ಕಂಪನಿ ಕೋರ್ಟಿಗೆ ಹೋಯಿತು. 2007ರಲ್ಲಿ ಐದನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಒಡೆತನದ ನಿರ್ಬಂಧವನ್ನು ಎತ್ತಿಹಿಡಿಯಿತು. ಜಾಹೀರಾತು ಮತ್ತು ಮಾತಿನ ಮೇಲಿನ ಕೆಲವು ನಿರ್ಬಂಧಗಳು ಮಾತ್ರ ಬಿದ್ದುಹೋದವು. 2014ರಲ್ಲಿ ಸ್ಟರ್ಲಿಂಗ್ ಅಂಗಡಿಗಳು ಸರ್ವಿಸ್ ಕಿಂಗ್ ಎಂಬ ಸರಣಿಗೆ ಮಾರಾಟವಾದವು, 2022ರಲ್ಲಿ ಅದೂ ಕ್ರ್ಯಾಶ್ ಚಾಂಪಿಯನ್ಸ್ ಜೊತೆ ವಿಲೀನವಾಯಿತು. ವಿಮಾ ಕಂಪನಿಯ ಒಡೆತನಕ್ಕೆ ಕಾನೂನು ಬೇಲಿ ಹಾಕಿತು. ಆದರೆ ನೂರಾರು ಅಂಗಡಿ ಇರುವ ಸರಣಿಗಳ ಬೆಳವಣಿಗೆ ನಿಲ್ಲಲಿಲ್ಲ. ಅಷ್ಟು ಅಂಗಡಿ ಇರುವವನು ಕಡಿಮೆ ದರಕ್ಕೆ ಒಪ್ಪಿದರೂ ಬದುಕುತ್ತಾನೆ. ಒಂದೇ ಅಂಗಡಿಯವನು ಎಲ್ಲಿ ತುಂಬಿಸಿಕೊಳ್ಳುತ್ತಾನೆ?

ನ್ಯೂಜೆರ್ಸಿ ವಕೀಲಿ

ಲೆಕ್ಕಪತ್ರ ಮೇಡಂ, ಇದು ರಾಜ್ಯಕ್ಕೊಂದು ಕಾನೂನಾಗಿರುವುದರ ಬೇರು 1945ರ ಮೆಕ್ಯಾರನ್-ಫರ್ಗುಸನ್ ಕಾಯ್ದೆಯಲ್ಲಿದೆ. ವಿಮೆಯೂ ಅಂತರರಾಜ್ಯ ವ್ಯಾಪಾರವೇ ಎಂದು 1944ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದರಿಂದ ಗಾಬರಿಯಾಗಿ, ಮರುವರ್ಷವೇ ಕಾಂಗ್ರೆಸ್ ವಿಮೆಯ ನಿಯಂತ್ರಣವನ್ನು ರಾಜ್ಯಗಳಿಗೆ ಬಿಟ್ಟುಕೊಟ್ಟಿತು. ಹೀಗಾಗಿ ಐವತ್ತು ರಾಜ್ಯಗಳಲ್ಲಿ ಐವತ್ತು ಬಗೆ.

ಬಾಡಿ ಶಾಪ್‌ಗಳವರು ಮತ್ತೆ ಮತ್ತೆ ನೆನೆಯುವುದು 1963ರ ಒಪ್ಪಿಗೆ ತೀರ್ಪನ್ನು, ಅಂದರೆ ಎರಡೂ ಕಡೆಯವರು ಒಪ್ಪಿ ಕೋರ್ಟು ದಾಖಲಿಸಿದ ತೀರ್ಪನ್ನು. ಅಮೆರಿಕದ ನ್ಯಾಯ ಇಲಾಖೆ ಮೂರು ವಿಮಾ ಸಂಘಗಳ ಮೇಲೆ ಹೂಡಿದ್ದ ಮೊಕದ್ದಮೆ ಅದರಿಂದ ಮುಗಿಯಿತು. ಹಾನಿಯಾದ ಕಾರುಗಳನ್ನು ನಿರ್ದಿಷ್ಟ ಅಂಗಡಿಗಳಿಗೆ ತಿರುಗಿಸುವುದು, ಕೂಲಿ ಮತ್ತು ಬಿಡಿಭಾಗದ ಬೆಲೆಯ ಮೇಲೆ ಹಿಡಿತ ಸಾಧಿಸುವುದು, ಇವೆರಡನ್ನೂ ಅದು ನಿಷೇಧಿಸಿತು. ತೊಡಕೆಂದರೆ ಅದು ಬಿಗಿದದ್ದು ಆ ಸಂಘಗಳನ್ನು. ಇಂದು ಒಂದೊಂದು ಕಂಪನಿ ಬೇರೆ ಬೇರೆಯಾಗಿ ನಡೆಸುವ ಪಟ್ಟಿಗಳ ಮೇಲೆ ಆ ಹಳೆಯ ತೀರ್ಪನ್ನು ಹಿಡಿದುಕೊಂಡು ಹೋಗಿ ಗೆಲ್ಲುವುದು ಕಷ್ಟ.

ಹಾರ್ಟ್‌ಫರ್ಡ್ ಸರ್, ನೀವಿರುವ ರಾಜ್ಯದಲ್ಲೂ ಒಂದು ದೊಡ್ಡ ಮೊಕದ್ದಮೆ ನಡೆಯಿತು. ವಿಮಾ ಕಂಪನಿ ತನ್ನ ಸಂಬಳದ ಅಂದಾಜುದಾರರ ಮೂಲಕ ಕೂಲಿಯನ್ನು ಕೃತಕವಾಗಿ ಕಡಿಮೆ ಇಡುತ್ತಿದೆ ಎಂದು ಕನೆಕ್ಟಿಕಟ್‌ನ ಬಾಡಿ ಶಾಪ್‌ಗಳು ಸೇರಿ ದಾವೆ ಹೂಡಿದವು. 2009ರಲ್ಲಿ ಜ್ಯೂರಿ ಸುಮಾರು 1.5 ಕೋಟಿ ಡಾಲರ್ ಪರಿಹಾರ ಕೊಟ್ಟಿತು, 2013ರಲ್ಲಿ ನ್ಯಾಯಾಧೀಶರು ದಂಡವಾಗಿ ಇನ್ನೂ 2 ಕೋಟಿ ಸೇರಿಸಿದರು. 2015ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಎಲ್ಲವನ್ನೂ ರದ್ದು ಮಾಡಿತು. ಅಂದಾಜುದಾರ ನಿಷ್ಪಕ್ಷಪಾತವಾಗಿರಬೇಕು ಎಂಬ ನಿಯಮ, ಕಂಪನಿ ಅಂಗಡಿಯೊಂದಿಗೆ ನಡೆಸುವ ಕೂಲಿಯ ಚೌಕಾಸಿಗೆ ಅನ್ವಯಿಸುವುದಿಲ್ಲ ಎಂದು ಅದು ಹೇಳಿತು. ವಿಮಾ ಕಂಪನಿಗಳು ಒಟ್ಟುಗೂಡಿ ದರ ಹಿಡಿದಿಟ್ಟಿವೆ ಎಂದು 2014ರಿಂದ ಹಲವು ರಾಜ್ಯಗಳ ಅಂಗಡಿಗಳು ಹೂಡಿದ್ದ ದಾವೆಗಳು ಫ್ಲಾರಿಡಾದ ಒಂದೇ ಫೆಡರಲ್ ಕೋರ್ಟಿನಲ್ಲಿ ಸೇರಿದ್ದವು. 2019ರಲ್ಲಿ ಹನ್ನೊಂದನೇ ಸರ್ಕ್ಯೂಟ್‌ನ ಪೂರ್ಣಪೀಠ, ಕಂಪನಿಗಳೆಲ್ಲ ಒಂದೇ ರೀತಿ ನಡೆದುಕೊಂಡರೆ ಸಾಲದು, ತಮ್ಮಲ್ಲಿ ಒಪ್ಪಂದ ಮಾಡಿಕೊಂಡಿದ್ದವು ಎನ್ನಲು ಆಧಾರ ಬೇಕು ಎಂದು ಆ ಏಕಸ್ವಾಮ್ಯ ವಿರೋಧಿ ವಾದವನ್ನು ತಳ್ಳಿಹಾಕಿತು.

ಅಂದರೆ ಕೋರ್ಟಿನ ಬಾಗಿಲಲ್ಲಿ ಕೂಲಿಯ ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ. ಸಿಗಬೇಕಾದರೆ ರಾಜ್ಯಗಳ ಶಾಸಕಾಂಗದಲ್ಲೇ ಸಿಗಬೇಕು.

ಪ್ರಾವಿಡೆನ್ಸ್ ಓದುಗ

ಶಾಸಕಾಂಗ ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ನಮ್ಮ ಪುಟ್ಟ ರೋಡ್ ಐಲೆಂಡ್ ನೋಡಿ. ತಯಾರಾಗಿ 48 ತಿಂಗಳು ತುಂಬದ ಕಾರಿಗೆ, ಮಾಲೀಕನ ಲಿಖಿತ ಒಪ್ಪಿಗೆ ಇಲ್ಲದೆ, ಮೂಲ ತಯಾರಕರದ್ದಲ್ಲದ ಬಿಡಿಭಾಗ ಹಾಕಿಸಲು ಕಂಪನಿ ಒತ್ತಾಯಿಸುವಂತಿಲ್ಲ. ಮೊದಲು ಇದು 30 ತಿಂಗಳಾಗಿತ್ತು. ಅಂಗಡಿಯವನು ನನ್ನ ಮುಂದೆ ಕಾಗದ ಇಟ್ಟು ಸಹಿ ಕೇಳಿದಾಗಲೇ, ಬಂಪರ್‌ನಲ್ಲೂ ಎರಡು ಬಗೆ ಇದೆ ಎಂಬುದು ನನಗೆ ಗೊತ್ತಾದದ್ದು.

ಪೀಣ್ಯ ಗ್ಯಾರೇಜು

ನಮಸ್ಕಾರ ಎಲ್ಲರಿಗೂ. ನಾನು ಬೆಂಗಳೂರಿನಲ್ಲಿ ಡೆಂಟಿಂಗ್ ಪೇಂಟಿಂಗ್ ಗ್ಯಾರೇಜು ನಡೆಸುತ್ತೇನೆ. ನಿಮ್ಮ ದೇಶದ ಮಾತು ಓದುತ್ತಾ ನಮ್ಮದೇ ಓದಿದ ಹಾಗಾಯಿತು. ಇಲ್ಲಿ ರಾಜ್ಯಕ್ಕೊಂದು ಕಾನೂನಿಲ್ಲ, ಇಡೀ ದೇಶಕ್ಕೆ ವಿಮಾ ನಿಯಂತ್ರಕ ಸಂಸ್ಥೆ ಐಆರ್‌ಡಿಎಐ ಒಂದೇ. ದೊಡ್ಡ ಕ್ಲೇಮ್ ಆದರೆ ಲೈಸೆನ್ಸ್ ಇರುವ ಸರ್ವೇಯರ್ ಬಂದು ನೋಡಲೇಬೇಕು. ಅವರು ಬರುವವರೆಗೆ ಕಾರಿಗೆ ಕೈ ಹಾಕುವಂತಿಲ್ಲ, ನನ್ನಂಥವರಿಗೆ ಒಂದು ಗಾಡಿಯ ಜಾಗ ಅಲ್ಲಿಯವರೆಗೆ ಹೋದ ಹಾಗೆಯೇ. ಪ್ಲಾಸ್ಟಿಕ್, ರಬ್ಬರ್ ಭಾಗಗಳಿಗೆ ಅರ್ಧ ಬೆಲೆ ಸವಕಳಿ ಎಂದು ಕಡಿಯುತ್ತಾರೆ. ಬಣ್ಣದ ಸಾಮಗ್ರಿಗೂ ಅರ್ಧ. ಸವಕಳಿ ಕಡಿಯದ ಝೀರೊ ಡೆಪ್ ಪಾಲಿಸಿ ಇಲ್ಲದವರಿಗೆ ಆ ಹಣ ಯಾಕೆ ಕೈಯಿಂದ ಹೋಗುತ್ತದೆ ಎಂದು ತಿಳಿಸಿ ಹೇಳುವ ಕೆಲಸವೂ ನನ್ನದೇ.

ಕ್ಯಾಶ್‌ಲೆಸ್ ನೆಟ್‌ವರ್ಕ್‌ನಲ್ಲಿ ಇಲ್ಲದ ಗ್ಯಾರೇಜಿಗೆ ಬಂದರೆ ಗ್ರಾಹಕ ಮೊದಲು ತಾನೇ ಹಣ ಕಟ್ಟಿ ಆಮೇಲೆ ವಾಪಸು ಪಡೆಯಬೇಕು. ತಿಂಗಳ ಕೊನೆಯಲ್ಲಿ ನಲವತ್ತು ಸಾವಿರ ಎಲ್ಲಿಂದ ತರುತ್ತಾರೆ? "ಅಣ್ಣ, ನಿಮ್ಮ ಕೆಲಸವೇ ಚೆನ್ನ, ಆದರೆ ಅಲ್ಲಿ ಕ್ಯಾಶ್‌ಲೆಸ್ ಇದೆ" ಎಂದು ಹೊರಟುಬಿಡುತ್ತಾರೆ. ಬಿಡಿಭಾಗ ಹೊರಗೆ ಸಿಗದ ತೊಂದರೆ ಇನ್ನೊಂದು. 2014ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಇದೇ ಕಾರಣಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು ₹2,544 ಕೋಟಿಗೂ ಹೆಚ್ಚು ದಂಡ ಹಾಕಿತ್ತು. ಹೊಸ ಮಾಡೆಲ್ ಕಾರಿನ ಸೆನ್ಸರ್ ಬೇಕೆಂದರೆ ನಾನು ಈಗಲೂ ಕಂಪನಿ ಶೋರೂಮಿನ ಕೌಂಟರ್ ಮುಂದೆಯೇ ನಿಲ್ಲುತ್ತೇನೆ.

ಹಾರ್ಟ್‌ಫರ್ಡ್ ಕ್ಲೇಮ್ಸ್

ವಕೀಲರು ಹೇಳಿದ ತೀರ್ಪುಗಳು ಸರಿ. ಲೆಕ್ಕಪತ್ರ ಅವರ ಎಸ್‌ಯುವಿ ವಿಚಾರದಲ್ಲಿ ಒಂದು ಮಾತು. ತಯಾರಕರ ಕ್ರಮದ ಪುಟವನ್ನು ಮುದ್ರಿಸಿ, ಸಾಲಿಗೆ ಸಾಲು ಗುರುತು ಹಾಕಿ ಕಳುಹಿಸಿದರೆ, ನಮ್ಮಲ್ಲಿ ಅದನ್ನು ನಿರಾಕರಿಸುವುದು ಕಷ್ಟ. ಬರೀ "ಬೇಕು" ಎಂದು ಬರೆದರೆ ಕಾಟು ಬೀಳುತ್ತದೆ. ಸುರಕ್ಷತೆಗೆ ಸಂಬಂಧಿಸಿದ ಕೆಲಸಕ್ಕೆ ನಮ್ಮಿಂದ ಹಣ ಬರಬೇಕು, ಇದರಲ್ಲಿ ನನಗೆ ಎರಡು ಮಾತಿಲ್ಲ. ಕೂಲಿಯ ದರವನ್ನು ಸರ್ಕಾರ ನಿಗದಿ ಮಾಡಬೇಕು ಎಂಬುದನ್ನು ಮಾತ್ರ ಒಪ್ಪಲಾರೆ. ಇಂದು ಕನಿಷ್ಠ ದರ ಎಂದು ಬರೆದದ್ದು ನಾಳೆ ಎಲ್ಲರ ದರವಾಗುತ್ತದೆ, ಒಳ್ಳೆಯ ಅಂಗಡಿಗೂ ಕಳಪೆ ಅಂಗಡಿಗೂ ವ್ಯತ್ಯಾಸ ಉಳಿಯುವುದಿಲ್ಲ.

ವೂಸ್ಟರ್ ಲೆಕ್ಕಪತ್ರ

ಆ ವ್ಯತ್ಯಾಸ ಈಗಲೂ ಇಲ್ಲ ಸರ್. ಅಲ್ಯೂಮಿನಿಯಮ್ ವೆಲ್ಡಿಂಗ್‌ಗೆ ಪ್ರತ್ಯೇಕ ಕೋಣೆ ಕಟ್ಟಿಸಿ, ಹುಡುಗರನ್ನು ತರಬೇತಿಗೆ ಕಳುಹಿಸಿದ ಅಂಗಡಿಗೂ ಅದೇ 40 ಡಾಲರ್, ಏನೂ ಮಾಡದವನಿಗೂ ಅದೇ. ನಾನು ಕೇಳುತ್ತಿರುವುದು ಸರ್ಕಾರ ಅಂಕಿ ಬರೆಯಬೇಕು ಎಂದಲ್ಲ. ಅಂಗಡಿಗಳು ಬಾಗಿಲಲ್ಲಿ ಹಾಕಿರುವ ನಿಜವಾದ ದರಗಳ ಸಮೀಕ್ಷೆ ನಡೆಯಲಿ, ಒಪ್ಪಂದದ ರಿಯಾಯಿತಿ ದರಗಳನ್ನು ಅದರಲ್ಲಿ ಬೆರೆಸದಿರಲಿ, ಆ ಸಮೀಕ್ಷೆಗಿಂತ ಕಡಿಮೆ ಕೊಡುವ ಕಂಪನಿ ಕಾರಣ ಬರೆದು ಕೊಡಲಿ. ಅಂಗಡಿ ಆರಿಸುವ ಹಕ್ಕನ್ನು ಕಾಗದದ ಮೇಲೆ ಕೊಟ್ಟು, ಆ ಅಂಗಡಿ ಬದುಕುವಷ್ಟು ಹಣ ಕೊಡದಿದ್ದರೆ ನಾಳೆ ಆರಿಸಲು ಯಾವ ಅಂಗಡಿ ಇರುತ್ತದೆ? ನಮ್ಮ ಅಂಗಡಿಯ ಅತ್ಯುತ್ತಮ ಪೇಂಟರ್‌ಗೆ ಅರವತ್ತು ದಾಟಿದೆ. ವೃತ್ತಿ ಶಾಲೆಯಿಂದ ಬರುವ ಹುಡುಗರು ಸಂಬಳ ಕೇಳಿ ಎಂಜಿನ್ ಕೆಲಸದ ಕಡೆ ಹೋಗುತ್ತಾರೆ.

ಪುಟ ಮುದ್ರಿಸಿ ಕಳುಹಿಸುವ ಸಲಹೆಗೆ ಧನ್ಯವಾದ. ಆ ಎಸ್‌ಯುವಿಗೆ ಹಾಗೆಯೇ ಮಾಡಿದ್ದೆವು. ಪರೀಕ್ಷಾ ವೆಲ್ಡ್‌ಗೂ ಎರಡನೆಯ ಸ್ಕ್ಯಾನ್‌ಗೂ ಒಪ್ಪಿಗೆ ಬಂತು, ಮೇಣಕ್ಕೆ ಬರಲಿಲ್ಲ.

ಫ್ರೀಮಾಂಟ್ ನಿವಾಸಿ

ಅಕ್ಕ, ನಮ್ಮಂಥ ಕಾರಿನ ಮಾಲೀಕರು ಇದರಲ್ಲಿ ಏನು ಮಾಡಬಹುದು? ಅಂಗಡಿಯವರ ಪರವಾಗಿ ನಾವು ಕೇಳಿದರೆ ಕಂಪನಿ ಕೇಳುತ್ತದೆಯೇ?

ವೂಸ್ಟರ್ ಲೆಕ್ಕಪತ್ರ

ಅಂಗಡಿಗಿಂತ ನೀವು ಕೇಳಿದರೇ ಹೆಚ್ಚು ಬೆಲೆ. ವಿಮೆಯ ಒಪ್ಪಂದ ಇರುವುದು ನಿಮ್ಮ ಮತ್ತು ಕಂಪನಿಯ ನಡುವೆ. ಅಂಗಡಿ ಆ ಒಪ್ಪಂದದಲ್ಲೇ ಇಲ್ಲ. ಯಾವುದಾದರೂ ಸಾಲಿಗೆ ಹಣ ನಿರಾಕರಿಸಿದರೆ, ಕಾರಣವನ್ನು ಇಮೇಲ್‌ನಲ್ಲಿ ಬರೆದು ಕೊಡಿ ಎಂದು ನೀವೇ ಕೇಳಿ. ಫೋನಿನಲ್ಲಿ ಹೇಳಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕಾರಣ ಸರಿ ಎನಿಸದಿದ್ದರೆ ನಿಮ್ಮ ರಾಜ್ಯದ ವಿಮಾ ಇಲಾಖೆಗೆ ದೂರು ಕೊಡಿ. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಡ. ತಪ್ಪು ಎದುರು ಗಾಡಿಯವರದಾಗಿದ್ದರೆ ಇನ್ನೂ ಅನುಕೂಲ. ಅವರ ಕಂಪನಿಯೊಂದಿಗೆ ನಿಮಗೆ ಒಪ್ಪಂದವೇ ಇಲ್ಲ, ಆದ್ದರಿಂದ ಅವರ ಪಟ್ಟಿ ನಿಮ್ಮನ್ನು ಕಟ್ಟಿಹಾಕುವುದಿಲ್ಲ.

ಪಾಲಿಸಿ ನವೀಕರಿಸುವಾಗ ಇನ್ನೊಂದು ನೋಡಿ. ಅಂದಾಜಿನ ಬಗ್ಗೆ ಜಗಳವಾದರೆ ಎರಡೂ ಕಡೆಯವರು ಒಬ್ಬೊಬ್ಬ ಅಂದಾಜುದಾರರನ್ನು ನೇಮಿಸಿ, ಅವರಲ್ಲಿ ಒಮ್ಮತ ಬಾರದಿದ್ದರೆ ಮೂರನೆಯವರಿಗೆ ಒಪ್ಪಿಸುವ ಅವಕಾಶ ಹಲವು ಪಾಲಿಸಿಗಳಲ್ಲಿ ಇರುತ್ತದೆ. ಕೆಲವು ಕಂಪನಿಗಳು ಅದನ್ನು ಸದ್ದಿಲ್ಲದೆ ತೆಗೆಯುತ್ತಿವೆ. ನಿಮ್ಮದರಲ್ಲಿ ಇದೆಯೇ ಎಂದು ಇವತ್ತೇ ಓದಿ.

ಡಲ್ಲಾಸ್ ಕನ್ನಡಿಗ

ನನ್ನದರಲ್ಲಿ ಈಗಷ್ಟೇ ನೋಡಿದೆ. ಹಿಂದಿನ ಪಾಲಿಸಿಯಲ್ಲಿ ರಿಪೇರಿಗೂ ಇತ್ತು. ಹೊಸದರಲ್ಲಿ ಕಾರು ಪೂರ್ತಿ ನಾಶವಾದಾಗ ಮಾತ್ರ ಎಂದು ಬದಲಾಗಿದೆ. ಏಜೆಂಟರಿಗೆ ಇಮೇಲ್ ಹಾಕಿದ್ದೇನೆ. ಉತ್ತರ ಬಂದ ಮೇಲೆ ಇಲ್ಲಿಯೇ ಬರೆಯುತ್ತೇನೆ.